ಬೆಳಿಗ್ಗೆ ಸ್ಟಾರ್ಟ್ ಆಗಿ ಬಂದ್ ಬೀಳುವ, ಲೋಡ್ ಇದ್ದಾಗ ಎಳೆಯದ ಡೀಸೆಲ್ ಪಿಕಪ್: ದೋಷ ಡೀಸೆಲ್ ಲೈನಿನದೋ, ವೈರಿಂಗಿನದೋ?

ಪ್ರಶ್ನೆ: ಪಿಕಪ್ ಮಾಲೀಕ, ಕಲಬುರಗಿ

ಎಲ್ಲರಿಗೂ ಶರಣು. ನನ್ನ ಬಳಿ 2018ರ, ಬಿಎಸ್4 ಮಾಡೆಲ್ಲಿನ, ನಾಲ್ಕು ಸಿಲಿಂಡರಿನ ಕಾಮನ್ ರೈಲ್ (ರೈಲ್ ಎಂಬ ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರಿಗೂ ಹೆಚ್ಚು ಒತ್ತಡದ ಡೀಸೆಲ್ ಹಂಚುವ) ಡೀಸೆಲ್ ಪಿಕಪ್ ಇದೆ. ಆಳಂದ ಮತ್ತು ಚಿತ್ತಾಪುರ ಕಡೆಯ ಹಳ್ಳಿಗಳಿಂದ ತೊಗರಿ, ಕಡಲೆ ಚೀಲಗಳನ್ನು ಕಲಬುರಗಿಯ ಗಂಜ್ ಮಾರುಕಟ್ಟೆಗೆ ತರುವುದು, ಮಿಲ್ಲುಗಳಿಂದ ಬೇಳೆ ಹೇರಿಕೊಂಡು ಹುಮನಾಬಾದ್, ಬೀದರಿನ ಅಂಗಡಿಗಳಿಗೆ ಮುಟ್ಟಿಸುವುದು ಅದರ ನಿತ್ಯದ ಕೆಲಸ. ಮಳೆಗಾಲ ಮುಗಿದಾಗಿನಿಂದ ಗಾಡಿ ಮೂರು ಬಗೆಯ ತೊಂದರೆ ಕೊಡುತ್ತಿದೆ. ಮೂರಕ್ಕೂ ಒಂದೇ ಕಾರಣವೋ, ಬೇರೆ ಬೇರೆ ಕಾರಣಗಳೋ ಎಂದು ತಿಳಿಯದೆ ಎಲ್ಲವನ್ನೂ ನಿಮ್ಮೆದುರು ಇಡುತ್ತಿದ್ದೇನೆ.

ಮೊದಲನೆಯದು, ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗಿ, ಗಲ್ಲಿ ದಾಟುವಷ್ಟರಲ್ಲಿ ತಡವರಿಸಿ ಬಂದ್ ಬೀಳುತ್ತದೆ. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ. ಡೀಸೆಲ್ ಫಿಲ್ಟರಿನ ಹತ್ತಿರವಿರುವ ಕೈಪಂಪನ್ನು ಗಟ್ಟಿಯಾಗುವ ತನಕ ಒತ್ತಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ, ಅಂದು ಸಂಜೆಯವರೆಗೆ ಆ ತಕರಾರು ಇರುವುದಿಲ್ಲ. ಎರಡನೆಯದು, ಲೋಡ್ ಹಾಕಿಕೊಂಡು ಕಮಲಾಪುರ ದಾಟಿ ಹುಮನಾಬಾದ್ ಕಡೆ ಏರು ಸಿಕ್ಕಾಗ ಎಂಜಿನ್ ಎಳೆಯುವುದನ್ನೇ ಬಿಡುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದರೂ ಎರಡು ಸಾವಿರ ಸುತ್ತಿನ ಮೇಲೆ ಏರದೆ ಮೀಟರಿನಲ್ಲಿ ಚೆಕ್ ಲೈಟ್ ಹತ್ತುತ್ತದೆ. ರಸ್ತೆ ಬದಿಗೆ ಹಚ್ಚಿ, ಕೀ ಬಂದ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಒಂದಷ್ಟು ದೂರ ಸರಿಯಾಗಿ ಹೋಗುತ್ತದೆ. ಮೂರನೆಯದು ರಾತ್ರಿಯದು. ಹೆಡ್‌ಲೈಟ್ ಹಚ್ಚಿ ಇಂಡಿಕೇಟರ್ ಹಾಕಿದಾಗ ಮೀಟರಿನ ಮುಳ್ಳುಗಳೆಲ್ಲ ಅದರ ತಾಳಕ್ಕೆ ಕುಣಿಯುತ್ತವೆ, ಬ್ಯಾಟರಿ ಲೈಟ್ ಮಸುಕಾಗಿ ಉರಿಯುತ್ತಿರುತ್ತದೆ, ಒಮ್ಮೊಮ್ಮೆ ಎಂಜಿನ್ ಕ್ಷಣಕಾಲ ಸತ್ತು ಮತ್ತೆ ಹಿಡಿದುಕೊಳ್ಳುತ್ತದೆ.

ಊರಿನ ಒಂದು ಗ್ಯಾರೇಜಿನಲ್ಲಿ ಡೀಸೆಲ್ ಫಿಲ್ಟರ್ ಬದಲಿಸಿದರು, ಫಲ ಸಿಗಲಿಲ್ಲ. ಸ್ಕ್ಯಾನರ್ ಹಚ್ಚಿದಾಗ ಪಿ0087 ಮತ್ತು ಪಿ0562 ಎಂಬ ಎರಡು ದೋಷದ ಕೋಡ್ ಬಂದವು. ಮೊದಲನೆಯ ಕೋಡನ್ನು ನೋಡಿದವರೇ ಹೈ ಪ್ರೆಷರ್ ಪಂಪ್ ಹೋಗಿದೆ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ನೋಜಲ್ ಜೊತೆಗೆ ಹಾಕಿಸಬೇಕು ಎಂದರು. ಅವರು ಹೇಳಿದ ಮೊತ್ತಕ್ಕೆ ಒಂದು ಸುಗ್ಗಿಯ ಬಾಡಿಗೆಯೇ ಕರಗುತ್ತದೆ. ಖರ್ಚಿಗೆ ಕೈ ಹಾಕುವ ಮುನ್ನ ನಾನಾಗಿ ಅಥವಾ ಒಬ್ಬ ಸಾಮಾನ್ಯ ಮಿಸ್ತ್ರಿಯ ಸಹಾಯದಿಂದ ಏನೇನು ಪರೀಕ್ಷಿಸಬಹುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ನನ್ನ ಬಳಿ ಪಾನಾಗಳ ಪೆಟ್ಟಿಗೆಯೂ ಒಂದು ಮಲ್ಟಿಮೀಟರೂ ಇವೆ.

ಉತ್ತರ: ಮೂರು ಗಾಡಿಗಳ ಮಾಲೀಕ, ಸೇಡಂ

ಅಣ್ಣಾವರೆ, ನಮ್ಮ ಒಂದು ಗಾಡಿಗೂ ಇದೇ ಪಿ0087 ಬಂದಿತ್ತು. ಪಂಪ್ ಬಿಚ್ಚಿಸಿ ರಿಪೇರಿ ಮಾಡಿಸಿದ ಮೇಲೆಯೇ ಅದು ಸರಿಹೋಯಿತು. ಆ ಗಾಡಿ ತಣ್ಣಗಿದ್ದಾಗ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿತ್ತು, ಮಧ್ಯಾಹ್ನ ಬಿಸಿಯಲ್ಲಿ ನಿಲ್ಲಿಸಿ ಊಟ ಮಾಡಿ ಬಂದರೆ ಮಾತ್ರ ಹಿಡಿಯುತ್ತಿರಲಿಲ್ಲ. ನಿಮ್ಮದೂ ಕೋಡ್ ಒಂದೇ ಆಗಿರುವುದರಿಂದ ಪಂಪಿನ ಮಾತನ್ನು ತಳ್ಳಿಹಾಕಬೇಡಿ. ಇಂದು ಉಳಿಸಲು ಹೋಗಿ ನಾಳೆ ಲೋಡ್ ಸಮೇತ ರಸ್ತೆಯಲ್ಲಿ ನಿಂತರೆ ಮಾಲು ಕೊಟ್ಟವರ ಮಾತು ಕೇಳಬೇಕಾಗುತ್ತದೆ.

ಉತ್ತರ: ಡೀಸೆಲ್ ಮಿಸ್ತ್ರಿ, ಹುಮನಾಬಾದ್

ಸೇಡಂನವರ ಅನುಭವ ನಿಜವಾದದ್ದೇ. ಆದರೆ ಅವರು ಹೇಳಿದ ಲಕ್ಷಣವೂ ನೀವು ಹೇಳಿದ ಲಕ್ಷಣವೂ ಒಂದಕ್ಕೊಂದು ತದ್ವಿರುದ್ಧವಾಗಿವೆ ಎಂಬುದನ್ನು ಗಮನಿಸಬೇಕು. ಡೀಸೆಲ್ ಬಿಸಿಯಾದಂತೆ ತೆಳುವಾಗುತ್ತದೆ. ಸವೆದ ಪಂಪು ಅಥವಾ ನೋಜಲಿನ ಸಂದುಗಳಿಂದ ತೆಳುವಾದ ಡೀಸೆಲ್ ಹೆಚ್ಚು ಸೋರಿ, ಟಾಕಿಗೆ (ಡೀಸೆಲ್ ಟ್ಯಾಂಕಿಗೆ) ಮರಳುವ ರಿಟರ್ನ್ ಲೈನಿಗೆ ಹೋಗುವುದರಿಂದ, ಅಂಥ ಗಾಡಿಗಳು ಬಿಸಿಯಿದ್ದಾಗಲೇ ಸ್ಟಾರ್ಟ್ ಆಗಲು ಸತಾಯಿಸುತ್ತವೆ. ನಿಮ್ಮ ಗಾಡಿ ಬಿಸಿಯಲ್ಲಿ ಚೆನ್ನಾಗಿದ್ದು, ರಾತ್ರಿ ನಿಂತ ಮೇಲೆ ಮಾತ್ರ ಹಟ ಮಾಡುತ್ತದೆ, ಕೈಪಂಪು ಒತ್ತಿದರೆ ಸರಿಹೋಗುತ್ತದೆ. ಇದು ಲೈನಿನಲ್ಲಿ ಏರ್ ಹಿಡಿದಿರುವ ಲಕ್ಷಣ. ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುವುದು ಪಂಪಿನಲ್ಲೂ ಫಿಲ್ಟರಿನಲ್ಲೂ ಉಳಿದಿದ್ದ ಡೀಸೆಲ್ಲಿನ ಬಲದಿಂದ. ಅದು ತೀರಿ ಹಿಂದಿನಿಂದ ಗಾಳಿ ಬಂದು ಮುಟ್ಟಿದಾಗ ಎಂಜಿನ್ ಬಂದ್ ಬೀಳುತ್ತದೆ.

ಪಿ0087 ಎಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರ್ ಕೇಳಿದಷ್ಟು ಒತ್ತಡ ರೈಲಿನಲ್ಲಿ ಸಿಗಲಿಲ್ಲ ಎಂದಷ್ಟೇ ಅರ್ಥ. ಏಕೆ ಸಿಗಲಿಲ್ಲ ಎಂಬುದನ್ನು ಆ ಕೋಡ್ ಹೇಳುವುದಿಲ್ಲ. ಟಾಕಿಯ ಮುಚ್ಚಳದಿಂದ ಹಿಡಿದು ನೋಜಲಿನ ತುದಿಯವರೆಗೆ ಎಲ್ಲಿ ಕೆಟ್ಟರೂ ಇದೇ ಕೋಡ್ ಬರಬಹುದು, ರೈಲಿನ ಪ್ರೆಷರ್ ಸೆನ್ಸರ್ ತಪ್ಪು ಲೆಕ್ಕ ಕೊಟ್ಟರೂ ಬರಬಹುದು. ಕಾಮನ್ ರೈಲ್ ಎಂಜಿನ್ನಿನಲ್ಲಿ ಸೆಲ್ಫ್ ಹೊಡೆಯುವಾಗ ರೈಲಿನ ಒತ್ತಡ ಸುಮಾರು 200 ಬಾರ್ ಮುಟ್ಟದಿದ್ದರೆ ನೋಜಲುಗಳಿಗೆ ಕಂಪ್ಯೂಟರ್ ಅಪ್ಪಣೆಯನ್ನೇ ಕೊಡುವುದಿಲ್ಲ. ಗಾಳಿಯನ್ನು ಅಷ್ಟು ಒತ್ತಡಕ್ಕೆ ಏರಿಸುವುದು ಎಂಥ ಹೊಸ ಪಂಪಿನಿಂದಲೂ ಆಗದು. ಹಾಗಾಗಿ ಟಾಕಿಯಿಂದ ಪಂಪಿನವರೆಗಿನ ಲೋ ಪ್ರೆಷರ್ ಭಾಗ ಶುದ್ಧವಾಗಿದೆ ಎಂದು ಖಾತ್ರಿಯಾಗುವ ಮೊದಲು ಪಂಪ್ ಬಿಚ್ಚುವ ಮಾತನ್ನು ಯಾರೂ ಆಡಬಾರದು.

ನಿಮ್ಮ ಗಾಡಿಯಲ್ಲಿ ಕೈಪಂಪು ಇರುವುದನ್ನೂ, ಕೀ ಹಾಕಿದಾಗ ಟಾಕಿಯ ಕಡೆಯಿಂದ ಮೋಟರಿನ ಸದ್ದು ಬರುವುದೆಂದು ನೀವು ಹೇಳದಿರುವುದನ್ನೂ ನೋಡಿದರೆ, ಟಾಕಿಯಲ್ಲಿ ಎಲೆಕ್ಟ್ರಿಕ್ ಪಂಪ್ ಇಲ್ಲದೆ, ಎಂಜಿನ್ ಮೇಲಿನ ಪಂಪೇ ಡೀಸೆಲ್ಲನ್ನು ಎಳೆದುಕೊಳ್ಳುವ ವ್ಯವಸ್ಥೆ ಇದೆಯೆಂದು ತೋರುತ್ತದೆ. ಈ ವ್ಯವಸ್ಥೆಯಲ್ಲಿ ಟಾಕಿಯಿಂದ ಪಂಪಿನವರೆಗಿನ ಇಡೀ ಪೈಪು ಎಂಜಿನ್ ನಡೆಯುವಾಗ ಎಳೆತದಲ್ಲಿರುತ್ತದೆ. ಆದ್ದರಿಂದ ಅದರಲ್ಲಿ ಸೀಳು ಬಿದ್ದರೆ ಡೀಸೆಲ್ ಹೊರಗೆ ಸೋರುವುದಕ್ಕಿಂತ ಹೆಚ್ಚಾಗಿ ಗಾಳಿ ಒಳಗೆ ನುಗ್ಗುತ್ತದೆ. ಗಾಡಿಯ ಕೆಳಗೆ ಬಗ್ಗಿ ನೋಡಿ ಎಲ್ಲೂ ಹಸಿಯಿಲ್ಲ, ಲೈನು ಚೆನ್ನಾಗಿದೆ ಎಂದು ತೀರ್ಮಾನಿಸುವವರು ಎಡವುವುದು ಇಲ್ಲಿಯೇ. ನಮ್ಮ ಕಡೆಯ ಬೇಸಿಗೆಯಲ್ಲಿ 42, 43 ಡಿಗ್ರಿ ಬಿಸಿಲು, ಕೆಳಗೆ ಡಾಂಬರಿನ ಕಾವು, ಪಕ್ಕದಲ್ಲಿ ಸೈಲೆನ್ಸರ್ ಇರುವಾಗ ರಬ್ಬರ್ ಹೋಸುಗಳು ಕ್ಲಿಪ್ಪಿನ ಬಾಯಲ್ಲಿ ಬಿರಿಯುವುದು ಸಾಮಾನ್ಯ. ಕೈಯಲ್ಲಿ ಹಿಡಿದು ಮಡಿಸಿದಾಗ ಮಾತ್ರ ಬಾಯಿ ಬಿಡುವ ಬಿರುಕು ಕಣ್ಣಿಗೆ ಬೀಳುವುದಿಲ್ಲ.

ಕಾಸಿಲ್ಲದ ಪರೀಕ್ಷೆಯೊಂದಿದೆ. ಒಂದು ರಾತ್ರಿ ಗಾಡಿಯನ್ನು ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಟಾಕಿ ಎಂಜಿನ್ನಿಗಿಂತ ಮೇಲಾಗುವುದರಿಂದ ಪೈಪಿನೊಳಗಿನ ಡೀಸೆಲ್ ಹಿಂದಕ್ಕೆ ಇಳಿಯುವುದಿಲ್ಲ. ಹಾಗೆ ನಿಲ್ಲಿಸಿದಾಗ ಬೆಳಿಗ್ಗೆ ತೊಂದರೆ ಇಲ್ಲದೆ ಹೊರಟರೆ ಏರ್ ಹಿಡಿಯುವ ದೋಷ ಖಚಿತವಾದಂತೆ. ಜೊತೆಗೆ, ಸೀಳಿದ ಜಾಗದಲ್ಲಿ ಕೆಳಗೆ ಡೀಸೆಲ್ಲಿನ ಹನಿಯೂ ಕಾಣಿಸಬಹುದು. ಮುಂದಿನ ಹಂತದಲ್ಲಿ ಫಿಲ್ಟರಿನಿಂದ ಪಂಪಿಗೆ ಹೋಗುವ ಹೋಸಿನ ಜಾಗಕ್ಕೆ ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ತುಂಡನ್ನು ಗಟ್ಟಿಯಾಗಿ ಕೂರಿಸಿ, ಬಿಸಿ ಭಾಗಗಳಿಗೆ ತಾಗದಂತೆ ಕಟ್ಟಿ, ಎಂಜಿನ್ ಸ್ಟಾರ್ಟ್ ಮಾಡಿ ನೋಡಿ. ಮೊದಲಿಗೆ ಒಂದಿಷ್ಟು ಗುಳ್ಳೆ ಬಂದು ನಿಲ್ಲುವುದು ಸಹಜ, ಸಾಲಾಗಿ ಬರುತ್ತಲೇ ಇದ್ದರೆ ಗಾಳಿ ಹಿಂದಿನಿಂದ ಬರುತ್ತಿದೆ ಎಂದರ್ಥ. ಆಮೇಲೆ ಆ ತುಂಡನ್ನು ಫಿಲ್ಟರಿನ ಆಚೆಗೆ, ಟಾಕಿಯ ಕಡೆಗೆ ಸರಿಸಿ ಮತ್ತೆ ನೋಡಿದರೆ, ಗಾಳಿ ಫಿಲ್ಟರಿನ ತಲೆಯಿಂದ ಬರುತ್ತಿದೆಯೋ ಅದಕ್ಕೂ ಹಿಂದಿನಿಂದಲೋ ಎಂದು ತಿಳಿಯುತ್ತದೆ. ಫಿಲ್ಟರ್ ಬದಲಿಸುವಾಗ ಹಳೆಯ ತಾಮ್ರದ ವಾಷರುಗಳನ್ನೇ ಮತ್ತೆ ಹಾಕಿ ಬಿಗಿದಿರುವುದು, ರಬ್ಬರ್ ರಿಂಗ್ ತಿರುಚಿಕೊಂಡಿರುವುದು ನನ್ನ ಕೈಗೆ ಬರುವ ಗಾಡಿಗಳಲ್ಲಿ ಮೇಲಿಂದ ಮೇಲೆ ಕಾಣುವ ಸಂಗತಿ. ನಿಮ್ಮ ಫಿಲ್ಟರ್ ಈಗಷ್ಟೇ ಬದಲಾಗಿರುವುದರಿಂದ ಅದನ್ನೂ ನೋಡಿಕೊಳ್ಳಿ.

ಫಿಲ್ಟರಿನ ಅಡಿಯ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಡೀಸೆಲ್ ಇಳಿಸಿ, ಅಲುಗಾಡಿಸದೆ ಅರ್ಧ ಗಂಟೆ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ನೀರೂ ಡೀಸೆಲ್ಲೂ ಕೂಡುವ ಗೆರೆಯಲ್ಲಿ ಕಂದು ಬಣ್ಣದ ಲೋಳೆ ಕಂಡರೆ ಟಾಕಿಯೊಳಗೂ ಅದೇ ಇದೆ ಎಂದು ತಿಳಿಯಬೇಕು, ಯಾಕೆಂದರೆ ಆ ಗೆರೆಯಲ್ಲೇ ಸೂಕ್ಷ್ಮಜೀವಿಗಳು ಬೆಳೆಯುತ್ತವೆ.

ಎರಡು ಎಚ್ಚರಿಕೆ. ಹಳೆಯ ಗಾಡಿಗಳ ಅಭ್ಯಾಸದಲ್ಲಿ ಏರ್ ತೆಗೆಯಲೆಂದು ನೋಜಲಿನ ಮೇಲಿನ ಕಬ್ಬಿಣದ ಪೈಪುಗಳ ನಟ್ಟನ್ನು ಎಂಜಿನ್ ನಡೆಯುವಾಗ ಸಡಿಲಿಸಲು ಯಾರಿಗೂ ಬಿಡಬೇಡಿ. ಅಲ್ಲಿ ಸಾವಿರ ಬಾರ್ ದಾಟುವ ಒತ್ತಡವಿರುತ್ತದೆ. ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಇನ್ನೊಂದು, ಹಿಡಿಯುವುದಿಲ್ಲವೆಂದು ಸೀಮೆಎಣ್ಣೆ ಬೆರೆಸುವುದು, ಗಾಳಿಯ ಫಿಲ್ಟರಿಗೆ ಸ್ಪ್ರೇ ಹೊಡೆಯುವುದು ಬೇಡ. ಈ ಪಂಪುಗಳಿಗೆ ಜಿಡ್ಡು ಡೀಸೆಲ್ಲಿನಿಂದಲೇ ಸಿಗಬೇಕು; ಸೀಮೆಎಣ್ಣೆಯಲ್ಲಿ ಆ ಜಿಡ್ಡಿಲ್ಲ, ಇಂದು ಚೆನ್ನಾಗಿರುವ ಪಂಪು ಅದರಿಂದಲೇ ಹಾಳಾಗುತ್ತದೆ.

ರಾತ್ರಿಯ ಲೈಟಿನ ತೊಂದರೆ ಇದಕ್ಕೆ ಸೇರಿದ್ದಲ್ಲ ಎಂಬುದು ನನ್ನ ಅಂದಾಜು. ಅದನ್ನು ವೈರಿಂಗ್ ಬಲ್ಲವರು ಹೇಳಲಿ.

ಉತ್ತರ: ಆಟೋ ಎಲೆಕ್ಟ್ರಿಶಿಯನ್, ಯಾದಗಿರಿ

ಮಿಸ್ತ್ರಿಯವರ ಮಾತನ್ನು ಒಪ್ಪುತ್ತೇನೆ, ಒಂದೇ ಒಂದು ತಿದ್ದುಪಡಿಯೊಂದಿಗೆ. ರಾತ್ರಿಯ ತೊಂದರೆ ಬೇರೆಯದೇ ಆದರೂ, ಅದು ಡೀಸೆಲ್ ಕಡೆಯ ದೋಷದಂತೆ ವೇಷ ಹಾಕಿ ಬರಬಲ್ಲದು. ಪ್ರೆಷರ್ ಸೆನ್ಸರ್, ಕ್ರ್ಯಾಂಕ್ ಸೆನ್ಸರ್, ಪಂಪಿನ ಮೇಲಿನ ವಾಲ್ವ್, ನೋಜಲ್ ಎಲ್ಲವೂ ಕರೆಂಟಿನಿಂದಲೇ ಕೆಲಸ ಮಾಡುವುದರಿಂದ, ಕಂಪ್ಯೂಟರಿಗೆ ಹೋಗುವ ಸಪ್ಲೈ ಅಥವಾ ಅರ್ಥ್ (ಕರೆಂಟು ಬ್ಯಾಟರಿಯ ನೆಗೆಟಿವ್ ಕಡೆಗೆ ಮರಳುವ ದಾರಿ) ಕುಂದಿದರೆ ಎಂಜಿನ್ ಕ್ಷಣಕಾಲ ಸಾಯುವುದೂ ಎಳೆಯದಿರುವುದೂ ಸಾಧ್ಯ. ಪಿ0562 ಎಂಬುದು ಗಾಡಿಯ ವೋಲ್ಟೇಜ್ ಕಡಿಮೆಯಾಗಿದೆ ಎಂದು ಹೇಳುವ ಕೋಡ್. ಆ ಗ್ಯಾರೇಜಿನವರು ಅದನ್ನು ಓದಿಯೂ ಬಿಟ್ಟಿದ್ದು ನನಗೆ ಆಶ್ಚರ್ಯ ತಂದಿತು.

ಇಂಡಿಕೇಟರ್ ಮಿಣುಕಿದಂತೆಲ್ಲ ಮೀಟರಿನ ಮುಳ್ಳುಗಳು ಒಟ್ಟಿಗೆ ಕುಣಿದರೆ ಅದು ಮೀಟರಿನ ದೋಷವಲ್ಲ, ಹಲವು ಸರ್ಕಿಟ್ಟುಗಳು ಹಂಚಿಕೊಂಡ ಅರ್ಥ್ ಕೆಟ್ಟಿರುವುದರ ಸೂಚನೆ. ಒಂದು ಬಲ್ಬಿನ ಕರೆಂಟು ತನ್ನ ದಾರಿಯಲ್ಲಿ ಬ್ಯಾಟರಿಗೆ ಮರಳಲು ಆಗದೆ ಪಕ್ಕದ ಸರ್ಕಿಟ್ಟಿನ ದಾರಿ ಹಿಡಿಯುತ್ತದೆ. ಇಲ್ಲಿ ವೈರನ್ನು ಕಣ್ಣಿನಿಂದ ನೋಡಿದರೂ, ಟೆಸ್ಟ್ ಲ್ಯಾಂಪ್ ಹಚ್ಚಿದರೂ, ಮಲ್ಟಿಮೀಟರನ್ನು ಓಮಿಗೆ (ತಡೆ ಅಳೆಯುವ ಗುರುತಿಗೆ) ಇಟ್ಟು ಅಳೆದರೂ ಪ್ರಯೋಜನವಿಲ್ಲ. ಒಂದೇ ಎಳೆ ಉಳಿದ ಅರ್ಥ್ ಪಟ್ಟಿ ಕೂಡ ಓಮಿನಲ್ಲಿ ಸೊನ್ನೆಯನ್ನೇ ತೋರಿಸುತ್ತದೆ. ಭಾರ ಬಿದ್ದಾಗ ಎಷ್ಟು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ ಎಂಬುದನ್ನು ಅಳೆಯಬೇಕು.

ಮೊದಲು ಬ್ಯಾಟರಿ. ರಾತ್ರಿ ನಿಂತ ಗಾಡಿಯಲ್ಲಿ ಬೆಳಿಗ್ಗೆ, ಏನನ್ನೂ ಹಚ್ಚದೆ, ಬ್ಯಾಟರಿಯ ಒಂದು ಪೋಸ್ಟಿನಿಂದ (ಸೀಸದ ಗೂಟದಿಂದ) ಇನ್ನೊಂದಕ್ಕೆ ಅಳೆದರೆ 12.6 ವೋಲ್ಟಿನ ಆಸುಪಾಸು ಇರಬೇಕು, 12.2 ಇದ್ದರೆ ಬ್ಯಾಟರಿ ಅರ್ಧದಷ್ಟೇ ತುಂಬಿದೆ. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ನೋಡುತ್ತಿರಲಿ, 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನೇ ಅನುಮಾನಿಸಿ. ಎಂಜಿನ್ ನಡೆಯುವಾಗ 13.8ರಿಂದ 14.4 ಇರಬೇಕು, ಹೆಡ್‌ಲೈಟೂ ಬ್ಲೋವರೂ ಹಚ್ಚಿದ ಮೇಲೂ 13.5ರ ಕೆಳಗೆ ಇಳಿಯಬಾರದು.

ಆಮೇಲೆ ಮುಖ್ಯವಾದದ್ದು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಪೋಸ್ಟಿನ ಸೀಸದ ಮೇಲೆಯೇ ಒತ್ತಿ (ಅದಕ್ಕೆ ಬಿಗಿದ ವೈರಿನ ತುದಿಯ ಲುಗ್ಗಿನ ಮೇಲಲ್ಲ), ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿಗಬ್ಬಿಣಕ್ಕೆ ಒತ್ತಿ, ಸೆಲ್ಫ್ ಹೊಡೆಸಿ. 0.2 ವೋಲ್ಟಿನ ಒಳಗೆ ಇದ್ದರೆ ಅರ್ಥ್ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಅರ್ಥ್ ಪಟ್ಟಿಯ ಎರಡೂ ತುದಿ ಬಿಚ್ಚಲೇಬೇಕು. ಅದೇ ರೀತಿ ಪಾಸಿಟಿವ್ ಪೋಸ್ಟಿನಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿನವರೆಗೆ ಅರ್ಧ ವೋಲ್ಟಿಗಿಂತ ಹೆಚ್ಚು ಕಳೆಯಬಾರದು. ಚಾಸಿಯಿಂದ ಕ್ಯಾಬಿನ್ನಿಗೆ ಬೇರೆ ಅರ್ಥ್ ಇರುತ್ತದೆ, ಹೆಡ್‌ಲೈಟ್ ಹಚ್ಚಿಟ್ಟು ಅದನ್ನೂ ಹೀಗೆಯೇ ಅಳೆಯಿರಿ.

ನಿಮ್ಮ ಗಾಡಿಗೆ ಹೊರಗಿನಿಂದ ಏನೇನು ಸೇರಿಸಿದ್ದೀರಿ ಎಂಬುದನ್ನು ನೀವು ಬರೆದಿಲ್ಲ. ಎಲ್‌ಇಡಿ ಪಟ್ಟಿ, ಟೇಪು, ಜಿಪಿಎಸ್ ಡಬ್ಬಿ, ದೊಡ್ಡ ಹಾರ್ನ್ ಇವುಗಳನ್ನು ಹಾಕುವವರು ಕೈಗೆ ಸಿಕ್ಕ ವೈರನ್ನು ಸುಲಿದು ಸುತ್ತಿ ಟೇಪ್ ಹಚ್ಚುತ್ತಾರೆ. ಬೇಸಿಗೆಯಲ್ಲಿ ಆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಚೀಲಗಳಿಗೆ ಆಸರೆಯಾಗಲೆಂದು ಗಾಡಿಯ ಬಾಡಿಯ ಮೇಲೆ ಕಬ್ಬಿಣದ ಆಂಗಲ್ ಹಚ್ಚಿ ವೆಲ್ಡಿಂಗ್ ಮಾಡಿಸಿದ್ದರೆ ಅದನ್ನೂ ಹೇಳಿ. ವೆಲ್ಡಿಂಗಿನ ಮುನ್ನ ಬ್ಯಾಟರಿಯ ವೈರನ್ನೂ ಕಂಪ್ಯೂಟರಿನ ಕನೆಕ್ಟರನ್ನೂ ಬಿಚ್ಚದಿದ್ದರೆ, ವೆಲ್ಡಿಂಗ್ ಕರೆಂಟು ಅರ್ಥ್ ಪಟ್ಟಿಯ ಮೂಲಕ ಹರಿದು ಅದನ್ನು ಸುಡಬಹುದು, ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೋದ ಡಯೋಡುಗಳನ್ನೂ ಕೆಡಿಸಬಹುದು. ಇನ್ನು, ಚಾರ್ಜ್ ಆಗುತ್ತಿದೆಯೋ ಇಲ್ಲವೋ ನೋಡಲೆಂದು ಎಂಜಿನ್ ನಡೆಯುವಾಗ ಬ್ಯಾಟರಿಯ ವೈರ್ ಕಿತ್ತು ನೋಡುವ ಹಳೆಯ ಪದ್ಧತಿಯನ್ನು ಕಂಪ್ಯೂಟರ್ ಇರುವ ಗಾಡಿಗೆ ಅಪ್ಪಿತಪ್ಪಿಯೂ ಅನ್ವಯಿಸಬೇಡಿ.

ಮರುಪ್ರಶ್ನೆ: ಪಿಕಪ್ ಮಾಲೀಕ, ಕಲಬುರಗಿ

ಇಬ್ಬರಿಗೂ ಶರಣಾರ್ಥಿ. ನೀವು ಹೇಳಿದ ಕ್ರಮದಲ್ಲಿಯೇ ನಮ್ಮ ಓಣಿಯ ಮಿಸ್ತ್ರಿಯೊಬ್ಬರನ್ನು ಕೂಡಿಸಿಕೊಂಡು ಪರೀಕ್ಷಿಸಿದೆ. ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿದ ಬೆಳಿಗ್ಗೆ ಗಾಡಿ ಒಂದು ಚೂರೂ ತಡವರಿಸದೆ ಹೊರಟಿತು. ಪಾರದರ್ಶಕ ಪೈಪ್ ಹಾಕಿದಾಗ ಫಿಲ್ಟರಿನ ಎರಡೂ ಕಡೆ ಗುಳ್ಳೆಗಳು ನಿಲ್ಲದೆ ಬಂದವು, ಹಾಗಾಗಿ ಟಾಕಿಯ ಕಡೆಯ ಲೈನನ್ನು ಬಿಚ್ಚಿದೆವು. ಟಾಕಿಯ ಮೇಲ್ಭಾಗದಲ್ಲಿ, ಕಬ್ಬಿಣದ ಪೈಪಿಗೆ ರಬ್ಬರ್ ಹೋಸ್ ಕೂಡುವಲ್ಲಿ ಕ್ಲಿಪ್ಪು ತುಕ್ಕು ಹಿಡಿದು ಸಡಿಲವಾಗಿತ್ತು. ಅದರ ಕೆಳಗಿನ ಹೋಸನ್ನು ಹೆಬ್ಬೆರಳಿನಿಂದ ಮಡಿಸಿದಾಗ ಎರಿ ಹೊಲದ ಬಿರುಕುಗಳ ಹಾಗೆ ಉದ್ದುದ್ದ ಸೀಳುಗಳು ಬಾಯಿ ತೆರೆದವು. ಮಡಿಸದೆ ಬಿಟ್ಟರೆ ಮೇಲಿನ ಧೂಳಿನ ಪದರದಲ್ಲಿ ಅವು ಕಾಣುತ್ತಲೇ ಇರಲಿಲ್ಲ. ಹೋಸುಗಳನ್ನೂ ಕ್ಲಿಪ್ಪುಗಳನ್ನೂ ಫಿಲ್ಟರಿನ ವಾಷರುಗಳನ್ನೂ ಹೊಸದಾಗಿ ಹಾಕಿದ ಮೇಲೆ ಬೆಳಗಿನ ತೊಂದರೆ ಪೂರ್ತಿ ನಿಂತಿದೆ. ಬಾಟಲಿಯಲ್ಲಿ ಇಳಿಸಿದ ಡೀಸೆಲ್ಲಿನ ತಳದಲ್ಲಿ ತೆಳ್ಳಗೆ ನೀರೂ, ಅದರ ಮೇಲೆ ಕಂದು ಲೋಳೆಯೂ ಇದ್ದವು.

ಅರ್ಥ್ ಪರೀಕ್ಷೆಯಲ್ಲಿ ನೆಗೆಟಿವ್ ಪೋಸ್ಟಿನಿಂದ ಎಂಜಿನ್ ಬ್ಲಾಕಿಗೆ 1.1 ವೋಲ್ಟ್ ಬಂದಿತು. ಪಟ್ಟಿಯನ್ನು ಬಿಚ್ಚಿದಾಗ ಲುಗ್ಗಿನೊಳಗೆ ಹಸಿರು ಪುಡಿ ತುಂಬಿ, ಎಳೆಗಳಲ್ಲಿ ಹೆಚ್ಚಿನವು ಕಪ್ಪಾಗಿ ತುಂಡಾಗಿದ್ದವು. ಕಳೆದ ಬೇಸಿಗೆಯಲ್ಲಿ ಗಾಡಿಯ ಬಾಡಿಯ ಮೇಲೆ ಆಂಗಲ್ ವೆಲ್ಡಿಂಗ್ ಮಾಡಿಸಿದ್ದು ನಿಜ. ಆಗ ವೆಲ್ಡಿಂಗಿನವರು ಬ್ಯಾಟರಿ ಬಿಚ್ಚಿದ್ದನ್ನು ನಾನು ನೋಡಿಲ್ಲ. ಹೊಸ ಪಟ್ಟಿ ಹಾಕಿ, ಚಾಸಿಯ ಪೇಂಟನ್ನು ಪಾಲಿಶ್ ಕಾಗದದಿಂದ ಹೊಳೆಯುವ ತನಕ ಉಜ್ಜಿ ಬಿಗಿದ ಮೇಲೆ ಅಳತೆ 0.1ಕ್ಕೆ ಇಳಿಯಿತು, ಮುಳ್ಳುಗಳ ಕುಣಿತವೂ ಎಂಜಿನ್ ಕ್ಷಣಕಾಲ ಸಾಯುವುದೂ ನಿಂತಿವೆ.

ಉಳಿದಿರುವುದು ಎರಡು. ಲೋಡ್ ಹೇರಿ ಏರು ಹತ್ತುವಾಗ ಎಳೆಯದಿರುವುದು ಮೊದಲಿಗಿಂತ ತಡವಾಗಿ ಬಂದರೂ ಬರುತ್ತದೆ, ಪಿ0087 ಮರಳಿ ಬಂದಿದೆ. ಬ್ಯಾಟರಿ ಲೈಟ್ ರಾತ್ರಿ ಇನ್ನೂ ಮಸುಕಾಗಿ ಕಾಣುತ್ತದೆ. ಈಗಲಾದರೂ ಪಂಪಿನ ಕಡೆ ನೋಡಬೇಕೇ?

ಉತ್ತರ: ಡೀಸೆಲ್ ಮಿಸ್ತ್ರಿ, ಹುಮನಾಬಾದ್

ಇನ್ನೂ ಬೇಡ. ನಿಂತು ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ಸರಿಹೋಗಿ, ಒಂದಷ್ಟು ದೂರ ಹೋಗಿ ಮತ್ತೆ ಬರುವ ತೊಂದರೆ ಸವೆತದ್ದಲ್ಲ, ಸವೆದ ಪಂಪು ವಿಶ್ರಾಂತಿಯಿಂದ ಹೊಸದಾಗುವುದಿಲ್ಲ. ಬಾಟಲಿಯಲ್ಲಿ ಲೋಳೆ ಕಂಡಿದೆ ಎಂದಿದ್ದೀರಿ. ಟಾಕಿಯೊಳಗೆ ಡೀಸೆಲ್ ಎಳೆಯುವ ಪೈಪಿನ ಬಾಯಿಗೆ ಒಂದು ಜಾಲರಿ ಇರುತ್ತದೆ. ಹೆಚ್ಚು ಡೀಸೆಲ್ ಬೇಕಾದಾಗ, ಅಂದರೆ ಲೋಡಿನಲ್ಲಿ ಏರು ಹತ್ತುವಾಗ, ಎಳೆತ ಜೋರಾಗಿ ಲೋಳೆ ಆ ಜಾಲರಿಗೆ ಹೋಗಿ ಅಂಟುತ್ತದೆ. ಎಂಜಿನ್ ಬಂದ್ ಮಾಡಿದಾಗ ಎಳೆತ ನಿಂತು ಕಳಚಿ ಬೀಳುತ್ತದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಬೀದರ್ 700 ಮೀಟರ್ ಮೇಲಿದೆ, ನಿಮ್ಮ ಲೋಡ್ ಗಾಡಿ ಆ ದಾರಿಯುದ್ದಕ್ಕೂ ಹತ್ತುತ್ತಲೇ ಇರುತ್ತದೆ. ಅದೇ ಗಾಡಿ ಖಾಲಿಯಾಗಿ ಮರಳುವಾಗ ಏನೂ ಆಗದಿರುವುದಕ್ಕೆ ಇದೇ ಕಾರಣ ಇರಬೇಕು.

ಇದೇ ಬಗೆಯ ತೊಂದರೆ ಟಾಕಿಯ ಮುಚ್ಚಳದಿಂದಲೂ ಬರುತ್ತದೆ. ಡೀಸೆಲ್ ಹೊರಹೋದಷ್ಟೂ ಗಾಳಿ ಒಳಬರಲು ಮುಚ್ಚಳದಲ್ಲಿ ಅಥವಾ ಬೇರೆ ಸಣ್ಣ ಪೈಪಿನಲ್ಲಿ ದಾರಿ ಇರುತ್ತದೆ, ನಮ್ಮ ಹೊಲದ ರಸ್ತೆಗಳ ಧೂಳು ಅದನ್ನು ಮುಚ್ಚುತ್ತದೆ. ಗಾಡಿ ಎಳೆಯದೆ ನಿಂತ ಕ್ಷಣದಲ್ಲಿಯೇ ಮುಚ್ಚಳ ತೆರೆಯಿರಿ. ಗಾಳಿ ಬುಸ್ಸೆಂದು ಒಳನುಗ್ಗಿ, ತಕ್ಷಣ ಗಾಡಿ ಸರಿಹೋದರೆ ದೋಷ ಮುಚ್ಚಳದ್ದು; ಸದ್ದಿಲ್ಲದಿದ್ದರೆ ಜಾಲರಿಯದು.

ಎರಡನ್ನೂ ಒಂದೇ ಸಲ ಖಚಿತಪಡಿಸಿಕೊಳ್ಳಬೇಕೆಂದರೆ, ಶುದ್ಧ ಡೀಸೆಲ್ ತುಂಬಿದ ಕ್ಯಾನೊಂದನ್ನು ಭದ್ರವಾಗಿ ಕಟ್ಟಿ, ಫಿಲ್ಟರಿಗೆ ಬರುವ ಹೋಸನ್ನು ಟಾಕಿಯ ಬದಲು ಆ ಕ್ಯಾನಿಗೆ ಇಳಿಸಿ ಲೋಡಿನಲ್ಲಿ ಓಡಿಸಿ ನೋಡಬಹುದು. ರಿಟರ್ನ್ ಡೀಸೆಲ್ ಟಾಕಿಗೇ ಹೋಗುವುದರಿಂದ ಕ್ಯಾನು ನಿರೀಕ್ಷೆಗಿಂತ ಬೇಗ ಖಾಲಿಯಾಗುತ್ತದೆ ಎಂಬುದು ನೆನಪಿರಲಿ, ಕ್ಯಾನನ್ನು ಸೈಲೆನ್ಸರಿನ ಹತ್ತಿರವಂತೂ ಇಡಲೇಬೇಡಿ. ಕ್ಯಾನಿನಿಂದ ಓಡಿಸಿದಾಗಲೂ ಎಳೆಯದಿದ್ದರೆ ಮಾತ್ರ ನೋಜಲಿನ ರಿಟರ್ನ್ ಅಳೆಯುವ ಸರದಿ ಬರುತ್ತದೆ. ನಾಲ್ಕು ನೋಜಲಿನ ರಿಟರ್ನ್ ಪೈಪುಗಳನ್ನು ಒಂದೇ ಅಳತೆಯ ನಾಲ್ಕು ಬಾಟಲಿಗಳಿಗೆ ಬಿಟ್ಟು ಎಂಜಿನ್ನನ್ನು ಕೆಲವು ನಿಮಿಷ ಐಡಲಿನಲ್ಲಿ ನಡೆಸಿ, ಯಾವ ಬಾಟಲಿ ಉಳಿದವುಗಳಿಗಿಂತ ತೀರ ಹೆಚ್ಚು ತುಂಬುತ್ತದೆಯೋ ಆ ನೋಜಲ್ಲನ್ನಷ್ಟೇ ಪರೀಕ್ಷೆಯ ಬೆಂಚಿಗೆ ಕಳಿಸಬೇಕು. ನಾಲ್ಕನ್ನೂ ಒಟ್ಟಿಗೆ ಬದಲಿಸಿ ಎನ್ನುವವರು ಅಳೆಯುವ ಶ್ರಮ ತೆಗೆದುಕೊಂಡಿಲ್ಲ ಎಂದೇ ನಾನು ತಿಳಿಯುತ್ತೇನೆ.

ಮರುಪ್ರಶ್ನೆ: ಪಿಕಪ್ ಮಾಲೀಕ, ಕಲಬುರಗಿ

ಮುಚ್ಚಳ ತೆರೆದಾಗ ಸದ್ದು ಬರಲಿಲ್ಲ. ಕ್ಯಾನಿನಿಂದ ಓಡಿಸಿದಾಗ ಪೂರ್ತಿ ಲೋಡಿನಲ್ಲಿಯೂ ಗಾಡಿ ಏರನ್ನು ಸಲೀಸಾಗಿ ಹತ್ತಿತು, ಹಾಗಾಗಿ ಟಾಕಿಯನ್ನು ಇಳಿಸಿದೆವು. ಜಾಲರಿಯ ಮೇಲೆ ನೆನೆದ ಸಗಣಿಯ ಬಣ್ಣದ ಪದರವೊಂದು ಕೈಗೆ ಜಾರುವಂತೆ ಮೆತ್ತಿಕೊಂಡಿತ್ತು, ತಳದಲ್ಲಿ ತುಕ್ಕಿನ ಹುಡಿಯೂ ಇತ್ತು. ಟಾಕಿಯನ್ನು ಡೀಸೆಲ್ಲಿನಿಂದಲೇ ತೊಳೆದು, ಜಾಲರಿಯನ್ನೂ ಫಿಲ್ಟರನ್ನೂ ಹೊಸದಾಗಿ ಹಾಕಿದ ಮೇಲೆ ಬೀದರಿನವರೆಗೆ ಲೋಡ್ ಒಯ್ದು ಬಂದಿದ್ದೇನೆ, ಚೆಕ್ ಲೈಟ್ ಹತ್ತಿಲ್ಲ. ಸೇಡಂನ ಅಣ್ಣಾವರ ಕಾಳಜಿಗೂ ಋಣಿ. ಈಗ ಬ್ಯಾಟರಿ ಲೈಟಿನ ಮಾತೊಂದೇ ಬಾಕಿ. ಚಾರ್ಜಿಂಗ್ 13.6 ತೋರಿಸುತ್ತದೆ, ಹೆಡ್‌ಲೈಟ್ ಹಚ್ಚಿದರೆ 13.1ಕ್ಕೆ ಇಳಿಯುತ್ತದೆ.

ಉತ್ತರ: ಮೂರು ಗಾಡಿಗಳ ಮಾಲೀಕ, ಸೇಡಂ

ಕೇಳಿ ಸಂತೋಷವಾಯಿತು. ಮಿಸ್ತ್ರಿಯವರೆ, ಟಾಕಿಯಲ್ಲಿ ನೀರು ಸೇರುವುದು ಹೇಗೆ ಎಂಬುದನ್ನೂ ಒಂದು ಮಾತಿನಲ್ಲಿ ಹೇಳಿದರೆ ನಮ್ಮಂಥವರಿಗೂ ಉಪಯೋಗವಾದೀತು. ನಾವು ಯಾವಾಗಲೂ ಒಂದೇ ಬಂಕಿನಲ್ಲಿ ಹಾಕಿಸುತ್ತೇವೆ, ಆದರೂ ಮಳೆಗಾಲದಲ್ಲಿ ಫಿಲ್ಟರಿನಲ್ಲಿ ನೀರು ಕಾಣುತ್ತದೆ.

ಉತ್ತರ: ಡೀಸೆಲ್ ಮಿಸ್ತ್ರಿ, ಹುಮನಾಬಾದ್

ಬಂಕಿನಿಂದಲೇ ಬರಬೇಕೆಂದಿಲ್ಲ. ಅರೆಖಾಲಿ ಟಾಕಿ ಹಗಲು ಕಾದು ರಾತ್ರಿ ತಣಿದಾಗ ಒಳಗಿನ ಗಾಳಿಯ ತೇವ ಗೋಡೆಗೆ ಹನಿಗಟ್ಟಿ ಕೆಳಗಿಳಿಯುತ್ತದೆ. ಡೀಸೆಲ್ಲಿಗಿಂತ ಭಾರವಾದ್ದರಿಂದ ತಳ ಸೇರಿ ಅಲ್ಲೇ ಉಳಿಯುತ್ತದೆ. ಬಿಡುವಿನ ದಿನಗಳಲ್ಲಿ ನಿಲ್ಲುವ ಗಾಡಿಯ ಟಾಕಿಯನ್ನು ತುಂಬಿಸಿ ನಿಲ್ಲಿಸಿದರೆ ಇದು ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಫಿಲ್ಟರಿನ ಅಡಿಯ ಸ್ಕ್ರೂವನ್ನು ಎರಡು ವಾರಕ್ಕೊಮ್ಮೆ ತೆರೆದು ನೀರು ಇಳಿಸಿರಿ. ಮುಚ್ಚಳದ ರಬ್ಬರ್ ಹರಿದಿದ್ದರೆ ಗಾಡಿ ತೊಳೆಯುವಾಗಲೇ ನೀರು ಹೋಗುತ್ತದೆ, ಅದನ್ನೂ ನೋಡಿಕೊಳ್ಳಿ.

ಉತ್ತರ: ಆಟೋ ಎಲೆಕ್ಟ್ರಿಶಿಯನ್, ಯಾದಗಿರಿ

ಬ್ಯಾಟರಿ ಲೈಟಿನ ವಿಷಯಕ್ಕೆ ಬರುತ್ತೇನೆ. ಆ ಲೈಟು ಪೂರ್ತಿ ಉರಿಯದೆ ಮಸುಕಾಗಿ ಉರಿಯುವುದೆಂದರೆ ಡೈನಮೋ ಚಾರ್ಜ್ ಕೊಡುತ್ತಿದೆ, ಆದರೆ ಲೈಟಿನ ಎರಡು ತುದಿಗಳ ನಡುವೆ ವೋಲ್ಟೇಜಿನ ವ್ಯತ್ಯಾಸ ಉಳಿದಿದೆ ಎಂದರ್ಥ. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳು. ಎಂಜಿನ್ ನಡೆಸಿ, ಹೆಡ್‌ಲೈಟ್ ಹಚ್ಚಿ, ಡೈನಮೋದ ಹಿಂದಿನ ದಪ್ಪ ಬೋಲ್ಟಿನಿಂದ ಬ್ಯಾಟರಿಯ ಪಾಸಿಟಿವ್ ಪೋಸ್ಟಿಗೆ ಮೀಟರ್ ಹಿಡಿಯಿರಿ. ಅಲ್ಲಿ 0.3 ವೋಲ್ಟಿಗಿಂತ ಹೆಚ್ಚು ಬಂದರೆ ಆ ವೈರಿನ ಲುಗ್ಗು ಅಥವಾ ನಡುವಿನ ಫ್ಯೂಸಿನ ಜೋಡಣೆ ಸುಟ್ಟಿದೆ, ಡೈನಮೋ ಬಿಚ್ಚುವ ಅಗತ್ಯವಿಲ್ಲ. ಬೋಲ್ಟಿನ ಮೇಲಿನ ನಟ್ಟು ಕೈಗೆ ಸಡಿಲವಾಗಿಯೇ ಸಿಗುವುದೂ ಉಂಟು. ಅದನ್ನು ಮುಟ್ಟುವ ಮುನ್ನ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಏಕೆಂದರೆ ಅದು ಕೀ ಇಲ್ಲದೆಯೂ ಕರೆಂಟ್ ಇರುವ ಬೋಲ್ಟು.

ಅಲ್ಲಿ ಸರಿಯಿದ್ದರೆ, ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಎರಡು ಪೋಸ್ಟುಗಳಿಗೆ ಹಿಡಿಯಿರಿ. ಡೈನಮೋ ಒಳಗೆ ಹುಟ್ಟುವುದು ಎಸಿ, ಅದನ್ನು ಡಿಸಿ ಮಾಡುವುದು ಡಯೋಡ್ ಪ್ಲೇಟು. ಒಂದು ಡಯೋಡ್ ಸತ್ತರೆ ಎಸಿಯ ಅಂಶ ಹೊರಗೆ ಬರುತ್ತದೆ. ಅರ್ಧ ವೋಲ್ಟಿಗಿಂತ ಹೆಚ್ಚು ಎಸಿ ತೋರಿಸಿದರೆ ಪ್ಲೇಟು ಹೋಗಿದೆ. ನಿಮ್ಮ ಗಾಡಿಗೆ ವೆಲ್ಡಿಂಗ್ ಆಗಿರುವುದರಿಂದ ಮತ್ತು ಹೆಡ್‌ಲೈಟಿಗೇ 13.1ಕ್ಕೆ ಇಳಿಯುವುದರಿಂದ ನನ್ನ ಅನುಮಾನ ಇದರ ಮೇಲೆಯೇ ಹೆಚ್ಚು. ಅಂಗಡಿಯವರು ಡೈನಮೋವನ್ನೇ ಬದಲಿಸಿ ಎಂದರೆ ಒಪ್ಪಬೇಡಿ, ಡಯೋಡ್ ಪ್ಲೇಟ್ ಬೇರೆಯಾಗಿ ಸಿಗುತ್ತದೆ. ಬಿಚ್ಚಿದಾಗ ಕಾರ್ಬನ್ ಬ್ರಷ್ಷಿನ ಉದ್ದವನ್ನೂ ಬೇರಿಂಗಿನ ಸದ್ದನ್ನೂ ನೋಡಿಸಿ. ಸತ್ತ ಡಯೋಡು ರಾತ್ರಿಯಲ್ಲಿ ಬ್ಯಾಟರಿಯನ್ನು ಸಣ್ಣಗೆ ಖಾಲಿ ಮಾಡುವುದೂ ಇದೆ. ಹಾಗಾಗಿ ಗಾಡಿ ನಿಲ್ಲಿಸಿ, ಬಾಗಿಲು ಮುಚ್ಚಿ, ಅರ್ಧ ಗಂಟೆಯ ಮೇಲೆ ಆಂಪಿಯರ್ ಮೀಟರನ್ನು ನೆಗೆಟಿವ್ ವೈರಿನ ಸಾಲಿನಲ್ಲಿ ಸೇರಿಸಿ ಅಳೆಯಿರಿ. 50 ಮಿಲಿ ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಮೀಟರ್ ಸೇರಿಸಿಟ್ಟಿರುವಾಗ ಮಾತ್ರ ಯಾರೂ ಸೆಲ್ಫ್ ಹೊಡೆಯದಂತೆ ಕೀಯನ್ನು ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ.